ಬಿಳಿ ಬಟ್ಟೆಯ ಮೂಲೆಗೆ ಅರಿಶಿನ

ಚೈತ್ರದ ಬೆಳಗು, ಬಿಸಿಲು ಇನ್ನೂ ಎಳೆಯದು, ಕಿಟಕಿಯ ಸಂದಿನಿಂದ ಬಂದು ಗೋಡೆಯ ಮೇಲೆ ಹಳದಿ ಬೊಟ್ಟಾಗಿ ಕೂತಿದೆ, ಬೆರಳ ತುದಿಯಷ್ಟು — ಅಂದೂ ಇದೇ ಹೊತ್ತು, ಐವತ್ತನಾಲ್ಕರ ಚೈತ್ರ, ಶನಿವಾರ, ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಾನು ಮತ್ತು ಅತ್ತೆ ಸಿದ್ದವ್ವ, ನನ್ನ ಕಂಕುಳಲ್ಲಿ ಗಂಟು, ಗಂಟಿನಲ್ಲಿ ಅತ್ತೆಯೇ ನೇಯ್ದ ಬಿಳಿ ಬಟ್ಟೆ, ಹೊಳೆಆಲೂರಿಗೆ ಹೋಗಬೇಕು, ಅಲ್ಲಿ ರೈಲಿನವರ ಮನೆಗಳ ಸಾಲಿನಲ್ಲಿ ಒಂದು ಕೋಣೆಯೇ ಗುಡಿ, ಪಾದ್ರಿಗಳು ರೈಲಿಗೆ ಬಂದು ನನಗೆ ಜ್ಞಾನಸ್ನಾನ ಕೊಡುತ್ತಾರೆ — ಅತ್ತೆ ಬಸ್ಸಿನ ದಾರಿ ನೋಡುತ್ತ ನಿಂತಿದ್ದಾಳೆ, ನೀ ನೀರ ಹಾಕಿಸ್ಕೊಂಡ ಮ್ಯಾಲೆ ಒಂದ ಒಲಿ ಆಗೂದಿಲ್ಲವಾ, ನನ್ನ ಕೊಳ್ಳಾಗ ಲಿಂಗ ಐತಿ, ನಾ ರಾಜೂರಿಗೆ ಮಗಳ ಮನಿಗೆ ಹೊಕ್ಕೇನಿ, ಹಿಂದಿನ ವಾರ ಇಷ್ಟೇ ಹೇಳಿದ್ದಳು, ಸಿಟ್ಟಿಲ್ಲ, ಹೇಳಿ ಮತ್ತೆ ಲಾಳಿ ಓಡಿಸಿದ್ದಳು, ಆದರೂ ನನ್ನ ಸಂಗಡ ಬಂದಿದ್ದಾಳೆ, ಒಬ್ಬಾಕಿನ ಹ್ಯಾಂಗ ಕಳಸ್ಲಿ ಅಂತ — ಬಸ್ಸಿನಲ್ಲಿ ರೋಣ ಬರುವ ತನಕ ಕಣ್ಣು ಮುಚ್ಚಿಯೇ ಕೂತೆ, ಒಂದು ಕೈಯಲ್ಲಿ ದೇವರು, ಒಂದು ಕೈಯಲ್ಲಿ ಅತ್ತೆ, ಯಾವ ಕೈ ಬಿಡಲಿ.

ಯಾಕೆ ಹೋದೆ ಎಂದು ಈಗಲೂ ಕೇಳುತ್ತಾರೆ, ಏನು ಹೇಳಲಿ, ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಎರಡು ಕೂಸು ಮಣ್ಣಿಗಿಟ್ಟವಳು, ಓಣಿಯ ಬಾಣಂತಿಯರು ನನ್ನ ನೆರಳು ಕಂಡರೆ ತೊಟ್ಟಿಲಿಗೆ ಸೆರಗು ಮುಚ್ಚುತ್ತಿದ್ದರು, ಆಗ ಪಕ್ಕದ ಮನೆಗೆ ಮೈಸೂರು ಸೀಮೆಯ ರಸ್ತೆ ಮೇಸ್ತ್ರಿ ಇನ್ನಾಸಪ್ಪ ಬಾಡಿಗೆಗೆ ಬಂದ, ಅವನ ಹೆಂಡತಿ ಸವರಿಯಮ್ಮ ತಿಂಗಳ ಕೂಸನ್ನು ನನ್ನ ಮಡಿಲಿಗೆ ಹಾಕಿ, ಸ್ವಲ್ಪ ಹಿಡ್ಕೊಳ್ಳಿ ಅಕ್ಕ, ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದಳು, ತಿರುಗಿಯೂ ನೋಡಲಿಲ್ಲ — ಅಷ್ಟೇ, ಬಾಗಿಲು ತೆರೆದದ್ದು ಅಲ್ಲಿ. ಸಂಜೆ ಇನ್ನಾಸಪ್ಪ ಜಪ ಹೇಳಿಕೊಡುವನು, ನಾನು ಕಂಡಿಕೆಗೆ ನೂಲು ಸುತ್ತುತ್ತ ಬಾಯಿಪಾಠ ಮಾಡುವೆನು, ಎರಡು ಮಳೆಗಾಲ ಹೋದವು, ಪಾದ್ರಿಗಳು ಅವಸರ ಮಾಡಲಿಲ್ಲ, ಮನೆಯವರಿಗೆ ಮುಚ್ಚಿಟ್ಟು ಬರಬೇಡ ಎಂದರು, ಗಂಡ ಗವಿಸಿದ್ದಪ್ಪ, ನಿನ್ನ ಮನಸ ಅಂದ, ಅತ್ತೆಯೋ ಮಗ್ಗದ ಕುಣಿಯಲ್ಲಿ ಕೂತು ಕೇಳಿ ಕೇಳಿ ಪರಲೋಕ ಮಂತ್ರ ಅವಳಿಗೇ ಮೊದಲು ಬಂತು, ಏ ಹೊಳೆವ್ವ, ತಪ್ಪ ಕ್ಷಮಿಸೋದ ಬಿಟ್ಟಿ ನೋಡ, ಅದ ಬಿಟ್ಟರ ನಾಳಿ ನನ್ನ ತಪ್ಪ ಯಾರು ಮಾಫ್ ಮಾಡವ್ರು, ಎಂದು ನಗುವಳು. ನೀರು ಹಾಕಿದ ಮೇಲೆ ಹೊದಿಸಲು ಬಿಳಿ ಬಟ್ಟೆ ಬೇಕು ಎಂದಾಗಲೂ ಅವಳೇ, ಪ್ಯಾಟಿ ಬಟ್ಟಿ ಯಾಕ, ನೇಕಾರ ಮನಿ ಸೊಸಿ ನೀನು — ದಡಿಯಿಲ್ಲದ ಬಟ್ಟೆ ಆ ಕೈ ಅಲ್ಲಿಯ ತನಕ ನೇಯ್ದೇ ಇರಲಿಲ್ಲ.

ಹೊಳೆಆಲೂರಿನ ಕೋಣೆಯಲ್ಲಿ, ಹಿಂದಿನ ದಿನವೇ ಗಂಡನ ಸಂಗಡ ಬಂದಿದ್ದ ಸವರಿಯಮ್ಮ, ಜ್ಞಾನಸ್ನಾನಕ್ಕೆ ನನ್ನ ಪರವಾಗಿ ನಿಲ್ಲುವ ಜ್ಞಾನತಾಯಿ ಅವಳೇ, ಗಂಟು ಬಿಚ್ಚಿದಳು, ಬಟ್ಟೆಯ ಮೂಲೆಯಲ್ಲಿ ಅರಿಶಿನ, ಒತ್ತಿದ ಬೆರಳ ಗುರುತು — ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ನಮ್ಮ ಮನೆಯಲ್ಲಿ ಯಾರೂ ಉಡುವುದಿಲ್ಲ, ಅತ್ತೆಯ ಬೆರಳು ಯಾರನ್ನೂ ಕೇಳದೆ ಆ ಕೆಲಸ ಮಾಡುತ್ತದೆ — ಇದೇನಮ್ಮ, ಕಲೆ ಇಲ್ಲದ ಬಟ್ಟೆ ಅಂತ ಮಂತ್ರದಲ್ಲೇ ಇದೆಯಲ್ಲ, ಎಂದು ಇನ್ನಾಸಪ್ಪ ಓಡಿ ಸಾಬೂನು ತಂದ, ತಿಕ್ಕಿದ, ಹಳದಿ ಕೆಂಪಾಯಿತು, ಇನ್ನೂ ತಿಕ್ಕಿದ, ಇನ್ನೂ ಕೆಂಪು, ಹೊರಗೆ ಬೇವಿನ ನೆರಳಿನಲ್ಲಿ ಕೂತ ಅತ್ತೆ ಕತ್ತು ಚಾಚಿ, ತಮ್ಮಾ, ನಾ ಅರಿಶಿನ ಅಷ್ಟ ಹಚ್ಚಿದ್ದೆ, ಕುಂಕುಮ ನೀನ ಹಚ್ಚಿದಿ ನೋಡ, ಎಂದಳು, ಸವರಿಯಮ್ಮ ಬಾಯಿಗೆ ಸೆರಗು ಒತ್ತಿ ನಕ್ಕಳು, ನನಗೆ ನಗು ಬರಲಿಲ್ಲ, ಇವತ್ತು ಆಗಲಿಲ್ಲವೆಂದರೆ ಅದು ಅತ್ತೆಯ ಬೆರಳ ಮೇಲೆ ಬರುತ್ತದಲ್ಲ ಎಂಬ ಹೆದರಿಕೆ — ನೀರಲ್ಲಿ ಜಾಲಿಸಿದರೆ ಮತ್ತೆ ಹಳದಿ, ಅಷ್ಟರಲ್ಲಿ ಪಾದ್ರಿಗಳು ಬಂದೇ ಬಿಟ್ಟರು, ಯಾರು ಹಚ್ಚಿದ್ದು, ನಮ್ಮ ಅತ್ತಿರಿ, ಯಾಕೆ, ಹೊಸಾದಕ್ಕ ಹಚ್ಚತಾರ್ರಿ, ಉಟ್ಟವರು ಚಲೋ ಇರ್ಲಿ ಅಂತ. ಅವರು ಬಾಗಿಲಾಚೆ ಬೇವಿನ ಕಡೆ ನೋಡಿದರು. ತೊಳೆದದ್ದು ಸಾಕು, ಗಾಳಿಗೆ ಹಾಕಿ ಎಂದರು. ಆಮೇಲೆ, ದೇವರ ಸಭೆಯಿಂದ ಏನು ಬೇಡುತ್ತೀ, ವಿಶ್ವಾಸ, ನನ್ನ ಬಾಯಿಂದಲೇ ಬಂತು, ನಾಲಗೆಯ ಮೇಲೆ ಉಪ್ಪಿನ ಹರಳು, ನೆತ್ತಿಯ ಮೇಲೆ ನೀರು, ಅನ್ನಮ್ಮ ಎಂಬ ಹೆಸರು, ಹಸಿ ಆರದ ಬಟ್ಟೆ ಹೊದಿಸಿ, ಕೊನೆಯ ದಿನದ ತನಕ ಕಲೆ ಇಲ್ಲದೆ ಕಾಪಾಡಿಕೋ ಎನ್ನುತ್ತ ಪಾದ್ರಿಗಳು ಆ ಹಳದಿ ಮೂಲೆಯನ್ನೇ ನನ್ನ ಭುಜದ ಮೇಲಿಂದ ಮುಂದಕ್ಕೆ ತಂದು ಬಿಟ್ಟರು, ಕಾಣುವ ಹಾಗೆ — ಕೈಯಲ್ಲಿ ಮೇಣದಬತ್ತಿ, ಹೊಸ್ತಿಲಲ್ಲಿ ಅತ್ತೆಯ ನೆರಳು, ಒಳಗೂ ಬರಲಿಲ್ಲ, ಸರಿಯಲೂ ಇಲ್ಲ.

ಭಾನುವಾರ ಅತ್ತೆ ಸೀರೆ ಮಡಿಚಿದಳು, ನಾನು ತಡೆಯಲಿಲ್ಲ, ನನ್ನದನ್ನು ಅವಳು ತಡೆದಿರಲಿಲ್ಲವಲ್ಲ, ದೇವರೇ, ಅಂಥ ಅತ್ತೆಯನ್ನು ಯಾರಿಗೆ ಕೊಟ್ಟಿದ್ದೀ — ಮೂರು ವರ್ಷಕ್ಕೆ ಮಗಳು ಹುಟ್ಟಿದಾಗ ರಾಜೂರಿನಿಂದ ಕೂಸಿನ ತಲೆಗೆ ಕುಲಾಯಿ ಬಂತು, ಅಂಚಿನಲ್ಲಿ ಅದೇ ಬೆರಳು, ಅದೇ ಹಳದಿ, ಒಲೆ ಬೇರೆಯಾಗಿತ್ತು, ಕೈ ಬೇರೆಯಾಗಿರಲಿಲ್ಲ — ಆ ಬಿಳಿ ಬಟ್ಟೆಯನ್ನು ವರ್ಷಕ್ಕೊಮ್ಮೆ ಈ ಶನಿವಾರ ಟ್ರಂಕಿನಿಂದ ತೆಗೆದು ನೆರಳಿನಲ್ಲಿ ಹರವುತ್ತೇನೆ, ಮಗಳು ಕೇಳುತ್ತಾಳೆ, ಬಿಸಿಲಿಗೆ ಹಾಕಬಾರದೇನಬೇ, ಹಾಕಬಾರದು, ಯಾಕೆಂದರೆ ಅತ್ತೆ ರಾಜೂರಿಗೆ ಹೊರಟಂದು ಮನೆಯ ಮುಂದೆ ಚಕ್ಕಡಿ ನಿಂತಿತ್ತು, ಗಂಡ ಎತ್ತಿನ ಹಗ್ಗ ಹಿಡಿದಿದ್ದ, ಅತ್ತೆ ಗಾಲಿಯ ಮೇಲೆ ಕಾಲಿಟ್ಟು ತಿರುಗಿದಳು, ಹೊಳೆವ್ವ ಎನ್ನಲಿಲ್ಲ, ಅನ್ನವ್ವಾ ಎಂದಳು, ಅನ್ನವ್ವಾ, ಬಟ್ಟಿ ಬಿಸಲಿಗೆ ಹಾಕಬ್ಯಾಡ, ಅರಿಶಿನ ಹಾರತೈತಿ — ಚಕ್ಕಡಿ ಹೋಯಿತು, ಅತ್ತೆ ಹೋದದ್ದು ಸೋಮವಾರ, ಗೋಡೆಯ ಮೇಲೆ ಬೆರಳ ತುದಿಯಷ್ಟು ಹಳದಿ