ಕಬ್ಬಿಣದ ಸವತಿ

ಒಂದಾನೊಂದು ಕಾಲದಲ್ಲಿ, ಟೇಮರ್ ನದಿ ಕಡಲಿಗೆ ಬಾಯಿ ಬಿಡುವ ಕಡೆ, ಒಬ್ಬ ಹೆಂಗಸಿಗೆ ಒಬ್ಬ ಸವತಿಯಿದ್ದಳು. ಸವತಿ ಎಂದರೆ ತುಟಿಗೆ ಬಣ್ಣ ಹಚ್ಚಿ ಬೀದಿಯ ಕೊನೆಯಲ್ಲಿ ನಿಲ್ಲುವವಳಲ್ಲ. ಕಬ್ಬಿಣದ ಮೈಯವಳು, ತಿಮಿಂಗಿಲದಷ್ಟು ಕಪ್ಪಗಿದ್ದವಳು, ಮೈಗೆಲ್ಲ ಒಂದೇ ಒಂದು ಕಿಟಕಿಯಿಲ್ಲದವಳು. ಹುಟ್ಟುವಾಗಲೇ ಒಂದು ಹಿಡಿ ಅಣುವಿನ ಕೆಂಡ ನುಂಗಿಕೊಂಡು ಬಂದಿದ್ದಳಂತೆ. ಆ ಕೆಂಡದ ಬಿಸಿಯಲ್ಲೇ ವರ್ಷಗಟ್ಟಲೆ ಓಡುತ್ತಿದ್ದಳು, ಎಣ್ಣೆ ಕೇಳುತ್ತಿರಲಿಲ್ಲ, ಇದ್ದಿಲು ಕೇಳುತ್ತಿರಲಿಲ್ಲ. ಉಸಿರಿಗೆಂದು ಮೇಲೆ ಬರುವ ದರ್ದೂ ಇಲ್ಲ, ಕಡಲ ನೀರನ್ನೇ ಒಡೆದು ಗಾಳಿ ಮಾಡಿಕೊಳ್ಳುತ್ತಿದ್ದಳು. ನೂರು ಗಂಡಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಮುಳುಗಿದರೆ, ಅವರ ಆಲೂಗಡ್ಡೆ ಮುಗಿದಾಗ ಮಾತ್ರ ಮೇಲೇಳುತ್ತಿದ್ದಳು. ಹಿಮದ ಗಡ್ಡೆಗಳ ಅಡಿಯಲ್ಲಿ ತನ್ನಂಥವೇ ಆದ ರಷ್ಯದವರ ಜಲಾಂತರ್ಗಾಮಿಗಳ ಬೆನ್ನು ಹತ್ತಿ, ಅವರ ನೆರಳಿನಲ್ಲೇ ತಿಂಗಳುಗಟ್ಟಲೆ ತೆವಳಿ, ಅವರಿಗೆ ಗೊತ್ತೇ ಆಗದ ಹಾಗೆ ತಿರುಗಿ ಬರುತ್ತಿದ್ದಳು. ಅವಳ ಹೆಸರು ಸ್ಟೌಟ್‌ಹಾರ್ಟ್. ಗಟ್ಟಿ ಗುಂಡಿಗೆಯವಳು ಎಂದರ್ಥ.

ಈ ಪುರಾಣವನ್ನು ಯಾರು ಶುರು ಮಾಡಿದರೂ ಥರ್ಜಾ ಟ್ರೆಗಾಸ್ಕಿಸ್ ಮೂಗು ಮುರಿಯುತ್ತಿದ್ದಳು. "ಲೋಕವೆಲ್ಲ ಸುತ್ತಿ ಬಂತಂತೆ, ಏನೂ ನೋಡ್ಲಿಲ್ವಂತೆ. ನಮ್ಮನೆ ಸೂಟ್‌ಕೇಸೂ ಅಷ್ಟೇ ಮಾಡಿದೆ, ಅದಕ್ಯಾರೂ ಪದಕ ಕೊಡ್ಲಿಲ್ಲ."

ಥರ್ಜಾಳ ಗಂಡ ಜೋರಿ ಆ ಸವತಿಯ ಕುಲುಮೆ ಕಾಯುವವನು. ಮದುವೆಯಾದಂದಿನಿಂದ ಅವನ ಅರ್ಧ ಆಯಸ್ಸು ಡೆವನ್‌ಪೋರ್ಟಿನ ಮನೆಯಲ್ಲಿ, ಇನ್ನರ್ಧ ಅವಳ ಹೊಟ್ಟೆಯಲ್ಲಿ. ಮನೆಗೆ ಬಂದಾಗ ಬೆಂದ ಎಲೆಕೋಸು, ಎಣ್ಣೆ, ನೂರು ಜನರ ಬೆವರು, ಇಷ್ಟೂ ಸೇರಿದ ಒಂದು ವಾಸನೆ ಅವನ ಜತೆ ಬಾಗಿಲು ದಾಟಿ ಬರುತ್ತಿತ್ತು. ಥರ್ಜಾ ಅಂಗಿಗಳನ್ನು ಮೂರು ಸಲ ಒಗೆದು ತಂತಿಯ ಮೇಲೆ ಹಾಕುತ್ತಿದ್ದಳು. ಪಕ್ಕದ ಮನೆಯವರು ವಾಸನೆ ಹಿಡಿದೇ, "ಓಹೋ, ಜೋರಿ ಬಂದ ಹಾಗಿದೆ" ಎನ್ನುತ್ತಿದ್ದರು.

ಅವನು ಮುಳುಗಿದ್ದಾಗ ಅವಳು ವಾರಕ್ಕೊಂದು ಸಲ ನಲವತ್ತು ಪದ ಬರೆದು ಕಳಿಸಬಹುದಿತ್ತು. ಅವನ ಕಡೆಯಿಂದ ಉತ್ತರವಿಲ್ಲ, ಸವತಿ ಬಾಯಿ ಬಿಟ್ಟರೆ ಎಲ್ಲಿದ್ದಾಳೆಂದು ಶತ್ರುವಿಗೆ ತಿಳಿಯುತ್ತದಲ್ಲ. ಕೆಟ್ಟ ಸುದ್ದಿ ಬೇಕೋ ಬೇಡವೋ ಎಂದು ಹೊರಡುವ ಮುಂಚೆಯೇ ಪ್ರತಿಯೊಬ್ಬನೂ ಸಹಿ ಹಾಕಬೇಕು. ಒಂದು ಸಲ ಜೋರಿ ಬೇಡ ಎಂದು ಹಾಕಿದ್ದ. ಆ ಸಲ ಅವನ ತಾಯಿ ತೀರಿಕೊಂಡಳು. ಥರ್ಜಾ ಅತ್ತೆಯನ್ನು ತಾನೇ ಮಣ್ಣು ಮಾಡಿ ಬಂದು, ನಲವತ್ತು ಪದಗಳಲ್ಲಿ ತೋಟದ ಸೋರೆಯ ವಿಷಯ ಬರೆದಳು. ಅವನು ದಡಕ್ಕಿಳಿದಾಗ ಕಂಕುಳಲ್ಲಿ ನಾರ್ವೆಯ ಉಣ್ಣೆಯ ಶಾಲು, ಅಮ್ಮನಿಗೆಂದು ತಂದದ್ದು.

"ಐವತ್ತು ಮೈಲಿ ಆಚೆ ತಿಮಿಂಗಿಲ ಕೆಮ್ಮಿದ್ರೆ ಕೇಳುತ್ತಂತೆ ಆ ಕಬ್ಬಿಣಕ್ಕೆ" ಎಂದಳು ಥರ್ಜಾ, ಆ ಶಾಲನ್ನು ಮಡಿಸುತ್ತ. "ನಿಮ್ಮಮ್ಮನ ಉಸಿರು ನಿಂತದ್ದು ಮಾತ್ರ ಕೇಳಿಸ್ಲಿಲ್ಲ."

ಜೋರಿ ಬೂಟು ಬಿಚ್ಚಿ ಬಾಗಿಲ ಬಳಿ ಜೋಡಿಸಿಟ್ಟ.

ಆಮೇಲೆ ಸವತಿಗೆ ವಯಸ್ಸಾಯಿತು. ಅವಳನ್ನು ಹಡಗುಕಟ್ಟೆಯ ಗೋಡೆಗಳ ಒಳಗಿನ ಕೊಳಕ್ಕೆ ತಂದು ಕಟ್ಟಿಹಾಕಿದರು. ಮುದುಕಿ ಸತ್ತರೆ ಮಣ್ಣು ಮಾಡಬಹುದು, ಕುದುರೆ ಸತ್ತರೆ ಹೂಳಬಹುದು, ಈ ಮಹಾತಾಯಿ ಸತ್ತ ಮೇಲೂ ಹೊಟ್ಟೆಯ ಕೆಂಡ ಆರಲಿಲ್ಲ. ಏನು ಮಾಡುವುದೆಂದು ದೊಡ್ಡವರಿಗೆ ತಿಳಿಯಲಿಲ್ಲ. ಮುಂದಿನ ವರ್ಷ ಒಡೆಯುತ್ತೇವೆ ಎಂದರು. ಅದರ ಮುಂದಿನ ವರ್ಷವೂ ಅದನ್ನೇ ಅಂದರು. ಕಡಲಹಕ್ಕಿಗಳು ಅವಳ ಬೆನ್ನನ್ನು ಬೆಳ್ಳಗೆ ಮಾಡಿದವು. ಜೋರಿ ಪಿಂಚಣಿಗೆ ಬಂದ, ಕೆಮ್ಮಿಗೆ ಬಿದ್ದ, ಕೊನೆಗೆ ಹಾಸಿಗೆ ಹಿಡಿದ.

"ಬೋಟು ಆ ಕೊಳದಿಂದ ಕದಲೋ ದಿನ ನನ್ನ ಬೂದಿನೂ ಅದೇ ನೀರಿಗೆ ಬಿಡು" ಎಂದ. "ಅದಕ್ಕೆ ಮುಂಚೆ ಬೇಡ. ಅವಳೊಬ್ಳನ್ನೇ ಬಿಟ್ಟು ಹೋದ ಹಾಗಾಗುತ್ತೆ."

"ನನ್ನೊಬ್ಳನ್ನೇ ಬಿಟ್ಟು ಹೋದ್ರೆ ಪರವಾಗಿಲ್ವಾ?"

"ನಿನಗೆ ಅಭ್ಯಾಸ ಇದೆಯಲ್ಲ, ಹುಡುಗಿ."

ಥರ್ಜಾಗೆ ನಗು ಬಂತು, ನಗುವಿನಲ್ಲೇ ಮಾತು ಕೊಟ್ಟುಬಿಟ್ಟಳು. ಸಾಯುವವನಿಗೆ ಕೊಟ್ಟ ಮಾತು. ಅವಳ ಕಡೆಯ ಜನಕ್ಕೆ ಅದು ಚರ್ಚಿನಲ್ಲಿ ಕೊಟ್ಟ ಮಾತಿಗಿಂತ ದೊಡ್ಡದು.

ತೀರಿಕೊಂಡಂದಿನಿಂದ ಜೋರಿ ಅಡುಗೆಮನೆಯ ಕಪಾಟಿನ ಮೇಲೆ, ಹಿತ್ತಾಳೆಯ ಡಬ್ಬಿಯೊಳಗೆ ಕೂತಿದ್ದ. ಡಬ್ಬಿ ಅವನೇ ಟೀ ಸೊಪ್ಪಿಗೆಂದು ಮಾಡಿಕೊಟ್ಟದ್ದು. ಹಿತ್ತಾಳೆ ಸರ್ಕಾರದ್ದು, ಲೇತು ಸರ್ಕಾರದ್ದು, ಮಾಡಿದ ಹೊತ್ತೂ ಸರ್ಕಾರದ್ದೇ. ಇಂಥ ಸಾಮಾನಿಗೆ ಹಡಗುಕಟ್ಟೆಯವರು 'ಮೊಲ' ಎನ್ನುತ್ತಾರೆ. ಆ ಊರಿನ ಯಾವ ಅಡುಗೆಮನೆ ಹೊಕ್ಕರೂ ನಾಲ್ಕಾರು ಮೊಲ ಸಿಕ್ಕೇ ಸಿಗುತ್ತವೆ. ಕೋಟಿನೊಳಗೆ ಮೊಲ ಅಡಗಿಸಿಕೊಂಡು ಗೇಟು ದಾಟುವವನಿಗೆ ಜತೆಗಾರರು, "ಕಿವಿ ಕಾಣ್ತಿದೆ, ಒಳಗೆ ಸೇರಿಸ್ಕೊಳ್ಳೋ" ಎಂದು ಪಿಸುಗುಡುವುದು ಅಜ್ಜಂದಿರ ಕಾಲದ ಮಾತು.

ಹೀಗಿರುವಾಗ ಡೆನ್‌ಜಿಲ್ ಹಾಕಿಂಗ್ ಎಂಬ ಹಳೆಯ ಪರಿಚಯದ ವಿಧುರ ಥರ್ಜಾಳ ಮನೆಗೆ ಆಗಾಗ ಬಂದು ಹೋಗತೊಡಗಿದ. ಟಾರ್‌ಪಾಯಿಂಟಿಗೆ ಸರಪಳಿ ಎಳೆದುಕೊಂಡು ನದಿ ದಾಟಿಸುವ ದೋಣಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಅದಕ್ಕೂ ಹಿಂದೆ ಯುದ್ಧದ ಹಡಗಿನಲ್ಲಿದ್ದವನು. ಬದುಕಿದ್ದಾಗ ಜೋರಿಗೆ ಅವನನ್ನು ಕಂಡರೆ ತಾತ್ಸಾರ. "ನೀರಲ್ಲಿ ಎರಡೇ ಜಾತಿ. ಒಂದು ಬೋಟು, ಇನ್ನೊಂದು ಗುರಿ" ಎನ್ನುತ್ತಿದ್ದ ಜೋರಿ, ಮುಳುಗುವುದು ಬೋಟು, ಅದು ಹೊಡೆದು ಮುಳುಗಿಸುವುದೆಲ್ಲ ಗುರಿ. "ಬಂತು ನೋಡು ಗುರಿ" ಎಂದೇ ಡೆನ್‌ಜಿಲ್‌ನನ್ನು ಬಾಗಿಲಲ್ಲಿ ಸ್ವಾಗತಿಸುತ್ತಿದ್ದ.

ಗುರಿ ಒಂದು ಭಾನುವಾರ ಮಾಂಸದ ಕಡುಬಿನಂಥ ಪೇಸ್ಟಿಯ ಪೊಟ್ಟಣ ಮೇಜಿನ ಮೇಲಿಟ್ಟು, "ನನ್ನ ಮದುವೆಯಾಗ್ತೀಯಾ?" ಎಂದ.

ಥರ್ಜಾ ಕಪಾಟಿನ ಕಡೆ ನೋಡಿದಳು. "ಒಬ್ಬ ಗಂಡ ಅಲ್ಲಿ ಕೂತು ನೋಡ್ತಿರೋವಾಗ ಇನ್ನೊಬ್ಬನ ಹೆಸರು ಹೇಳೋದು ಹೇಗೋ?"

"ಕೆಳಗಿಳಿಸು."

"ಮಾತು ಕೊಟ್ಟಿದ್ದೀನಿ. ಆ ದರಿದ್ರ ಕಬ್ಬಿಣ ಕದಲಬೇಕು."

"ಅದು ಕದಲೋದ್ರೊಳಗೆ ನಾನೂ ಒಂದು ಡಬ್ಬಿ ಸೇರ್ತೀನಿ" ಎಂದ ಡೆನ್‌ಜಿಲ್. ನಗುತ್ತಲೇ ಅಂದರೂ ಆಮೇಲೆ ನಗಲಿಲ್ಲ. "ಪೆನ್‌ಜಾನ್ಸಲ್ಲಿರೋ ತಂಗಿ ಅಲ್ಲೇ ಬಂದಿರು ಅಂತ ಕರೀತಿದ್ದಾಳೆ, ಹುಡುಗಿ. ಈಸ್ಟರ್ ತನಕ ಕಾಯ್ತೀನಿ. ಆಮೇಲೆ ಹೋದವನು ಬರಲ್ಲ."

ಥರ್ಜಾ ರಾತ್ರಿಯ ಪಾತ್ರೆ ತೊಳೆಯುವಾಗ ಡಬ್ಬಿಗೆ ಬೈದಳು. ಸವತಿ ಗಂಡನ ಅರ್ಧ ಆಯಸ್ಸು ತಿಂದಳು, ಹೋಗಲಿ ಅಂದುಕೊಂಡೆ. ಈಗ ಉಳಿದಿರುವ ನನ್ನ ನಾಲ್ಕು ದಿನಕ್ಕೂ ಅಡ್ಡ ಮಲಗಿದ್ದಾಳಲ್ಲ!

ಈಸ್ಟರಿಗೆ ಇನ್ನೂ ಸ್ವಲ್ಪ ದಿನವಿರುವಾಗ ಅಂತೂ ಕರೆ ಬಂತು. ಸ್ಟೌಟ್‌ಹಾರ್ಟಿನ ಕೆಂಡ ತೆಗೆದಾಗಿದೆ, ಅವಳನ್ನು ಕೊಳದಿಂದ ಪಕ್ಕದ, ನೀರು ಬಸಿದು ಕೆಲಸ ಮಾಡುವ ಒಣ ಕಟ್ಟೆಗೆ ಎಳೆದು ತುಂಡು ಮಾಡುತ್ತಾರೆ, ಸಿಬ್ಬಂದಿಯ ಕುಟುಂಬದವರು ಬೀಳ್ಕೊಡಲು ಬರಬೇಕು. ಥರ್ಜಾ ಫೋನು ಮಾಡಿ ಬೂದಿಯ ವಿಷಯ ಕೇಳಿದಳು. ಆ ಕಡೆಯ ಹುಡುಗಿ ಯಾರನ್ನೋ ಕೇಳಿ ಬಂದು, "ಇಲ್ಲ ಮೇಡಂ, ಕೊಳದ ನೀರಿಗೆ ಹೊರಗಿನ ವಸ್ತು ಏನೂ ಹಾಕೋ ಹಾಗಿಲ್ಲ. ಪರಿಸರದ ಪ್ರಶ್ನೆ" ಎಂದಳು.

ಥರ್ಜಾ ನಕ್ಕ ನಗುವಿಗೆ ಕೈಯಲ್ಲಿದ್ದ ಟೀ ಚೆಲ್ಲಿತು. "ಇಷ್ಟು ವರ್ಷ ಆ ವಿಷದ ಗುಡಾಣ ನೀರಲ್ಲಿ ನೆನೆಹಾಕಿದ್ರಲ್ಲ, ಆಗ ಪರಿಸರ ರಜಾ ಹಾಕಿತ್ತಾ, ಮಗಳೇ?"

"ನನ್ನ ಹಳೇ ದೋಣಿಯಿಂದ ನದಿಗೆ ಹಾಕಿಬಿಡೋಣ" ಎಂದ ಡೆನ್‌ಜಿಲ್.

"ನದಿ ಅಲ್ಲ, ಅದೇ ನೀರು ಅಂದಿದ್ದ. ಅವಳು ನದಿಗೆ ಬರೋದೇ ಇಲ್ವಲ್ಲ." ಥರ್ಜಾ ಎದ್ದು, ದಪ್ಪ ಉಣ್ಣೆಯ ಕೋಟು ತೆಗೆದು, ಒಳಗಿನ ಜೇಬಿಗೆ ಡಬ್ಬಿ ಇಳಿಸಿ ನೋಡಿದಳು. ಹೊಟ್ಟೆಯ ಬಳಿ ಬುರುಡೆಯಂತೆ ಉಬ್ಬಿತು. "ಹೆಂಗೆ ಕಾಣ್ತಿದೀನಿ?"

"ಈ ವಯಸ್ಸಲ್ಲಿ ಬಸುರಿ ಥರ."

ಗೇಟಿನಲ್ಲಿ ಎಳೆಯ ಕಾವಲುಗಾರನೊಬ್ಬ ಕಡ್ಡಿಯಂಥ ಯಂತ್ರ ಆಡಿಸಿದ. ಅದು ಕೀಚಲು ದನಿ ಎತ್ತಿತು. "ಸೊಂಟದ ಕೀಲು ಲೋಹದ್ದು, ಕಂದಾ" ಎಂದಳು ಥರ್ಜಾ. ನಿಜಕ್ಕೂ ಲೋಹದ ಕೀಲಿದ್ದದ್ದು ಡೆನ್‌ಜಿಲ್‌ಗೆ. ಹಿಂದೆಯೇ ಬಂದ ಅವನಿಗೂ ಯಂತ್ರ ಕಿರುಚಿತು. ಹುಡುಗ ಇಬ್ಬರನ್ನೂ ಅನುಮಾನದಿಂದ ನೋಡುತ್ತಿರುವಾಗ ಒಳಗಿನಿಂದ ನರೆತ ಮೀಸೆಯ ಪೊಲೀಸನೊಬ್ಬ ಎದ್ದು ಬಂದ. ಥರ್ಜಾಳ ಮುಖ ನೋಡಿದ, ಕೋಟಿನ ಉಬ್ಬು ನೋಡಿದ, ಕೈಯಲ್ಲಿದ್ದ ಆಹ್ವಾನದ ಮೇಲಿನ ಟ್ರೆಗಾಸ್ಕಿಸ್ ಎಂಬ ಹೆಸರು ನೋಡಿದ.

"ಬಿಡೋ, ಒಳಗೆ ಹೋಗ್ಲಿ" ಎಂದು ಹುಡುಗನಿಗೆ ಹೇಳಿ, ಥರ್ಜಾಳ ಕಡೆ ಬಾಗಿದ. "ಹೊರಗೆ ಹೋಗೋ ಮೊಲ ಬೇಕಾದಷ್ಟು ನೋಡಿದೀನಿ, ಅಮ್ಮಾ. ಒಳಗೆ ಬರೋ ಮೊಲ ಇದೇ ಮೊದಲು. ಕಿವಿ ಒಳಗೆ ಸೇರಿಸ್ಕೊಳ್ಳಿ."

ಥರ್ಜಾ ಗುಂಡಿ ಹಾಕಿಕೊಂಡಳು.

ಕೊಳದ ದಂಡೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕಾಗದದ ಲೋಟದಲ್ಲಿ ಆರಿದ ಟೀ. ಎದುರಿಗೆ ಸವತಿ. ಥರ್ಜಾ ಅವಳನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟೋ ಕಾಲವಾಗಿತ್ತು. ಮೈಗೆ ಅಂಟಿಸಿದ್ದ ರಬ್ಬರಿನ ಬಿಲ್ಲೆಗಳು ಕಜ್ಜಿಯ ಹೊಪ್ಪಳೆಯಂತೆ ಎದ್ದಿದ್ದವು, ಕೆಳಗೆ ತುಕ್ಕು. ಇದಕ್ಕಾ ನನ್ನ ಗಂಡ ನನ್ನನ್ನು ಬಿಟ್ಟು ಹೋಗುತ್ತಿದ್ದದ್ದು? ನೆನೆದ ಬೂಟಿನ ಹಾಗಿದ್ದಾಳಲ್ಲ, ಮುದಿ ಮೂಳಿ.

ಹೊಸ ಸೂಟಿನ ಅಧಿಕಾರಿಯೊಬ್ಬ ಮೈಕಿನ ಮುಂದೆ ನಿಂತ. ಅವನ ಹಲ್ಲುಗಳೂ ಸೂಟಿನಷ್ಟೇ ಹೊಸವಾಗಿದ್ದವು. "ಈ ಹೆಮ್ಮೆಯ ಹಡಗು..." ಎಂದು ಶುರು ಮಾಡಿದ. ಉತ್ತರದ ಊರಿನಲ್ಲಿ ಹುಟ್ಟಿದ್ದು, ಯಾವುದೋ ದೊಡ್ಡ ಮನೆತನದ ಹೆಂಗಸು ಶಾಂಪೇನು ಒಡೆದು ನೀರಿಗಿಳಿಸಿದ್ದು, ಹಿಮದಡಿ ಈಜಿದ್ದು, ಎಲ್ಲ ಹೇಳಿದ. "ಇಂಥ ಹಡಗು... ಈ ಹಡಗಿನ ವೀರರು..." ಮುಂದಿನ ಸಾಲಿನಲ್ಲಿ ಪದಕ ಹಾಕಿಕೊಂಡು ಕೂತಿದ್ದ ಮುದುಕರು ಒಂದೊಂದು 'ಹಡಗು' ಕೇಳಿದಾಗಲೂ ಕುರ್ಚಿಯಲ್ಲಿ ಹೊರಳಿದರು, ಕೆಮ್ಮಿದರು, ಬೂಟು ನೋಡಿಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಸುಮ್ಮನಿರುವುದನ್ನೇ ಜೀವನವಿಡೀ ಕಲಿತವರು.

"ಬೋಟು!"

ಇಡೀ ದಂಡೆ ತಿರುಗಿ ನೋಡಿತು. ಕೂಗಿದ್ದು ತಾನೇ ಎಂದು ಥರ್ಜಾಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಎದ್ದು ನಿಂತಿದ್ದಾಳೆ ಬೇರೆ.

"ಕ್ಷಮಿಸಿ, ಮೇಡಂ?" ಎಂದ ಹೊಸ ಸೂಟು.

"ಹಡಗಲ್ಲ, ಬೋಟು. ಹಡಗು ಅಂದ್ರೆ ಇದು ಮುಳುಗಿಸೋಕೆ ಹೋಗ್ತಿದ್ದದ್ದು. ಇವತ್ತು ಕೊಯ್ಯೋಕೆ ತಗೊಂಡ್ಹೋಗ್ತಿದೀರ, ಹೆಸರಾದ್ರೂ ಸರಿಯಾಗಿ ಕರೀರಿ."

ಮುದುಕರ ಸಾಲು ಸಿಡಿಯಿತು. ಒಬ್ಬ ಸಿಳ್ಳೆ ಹಾಕಿದ, ಇನ್ನೊಬ್ಬ ಊರುಗೋಲಿನಿಂದ ನೆಲ ಕುಟ್ಟಿದ. ಥರ್ಜಾಳ ಕಿವಿ ಕೆಂಪಾಯಿತು. ಈ ಮುದಿ ಮೂಳಿಯ ಪರ ತಾನು ವಕಾಲತ್ತು ಮಾಡುವುದೆಂದರೇನು! ಆದರೂ, ಸವತಿಯನ್ನು ಬೈಯುವ ಹಕ್ಕು ಸವತಿಯದು. ನಿನ್ನೆ ಮೊನ್ನೆ ಬಂದ ಸೂಟಿನದಲ್ಲ.

ಗಲಾಟೆಯ ನಡುವೆಯೇ ಎಳೆಯುವ ದೋಣಿಗಳು ಹೊಗೆಯುಗುಳಿದವು. ಹಗ್ಗ ಬಿಗಿಯಾಯಿತು. ಕಪ್ಪು ಮೈ ಒಂದು ಸಲ ನಡುಗಿ, ಕದಲಿತು. ಎಲ್ಲರೂ ಟೋಪಿ ತೆಗೆದರು. ಥರ್ಜಾ ದಂಡೆಯ ಅಂಚಿನ ಕಡೆ ಸರಿದಳು, ಗುಂಡಿ ಬಿಚ್ಚಿದಳು. ಹಿಂದಿನಿಂದ ಒಬ್ಬ ಕಾವಲುಗಾರ, "ಮೇಡಂ, ಅಂಚಿಗೆ ಹೋಗ್ಬೇಡಿ" ಎನ್ನುತ್ತ ಹೆಜ್ಜೆ ಹಾಕಿದ.

ಡೆನ್‌ಜಿಲ್ ಕೋಟಿನ ಎರಡೂ ಮಗ್ಗುಲನ್ನು ರೆಕ್ಕೆಯಂತೆ ಅಗಲಿಸಿ, ಅವಳ ಬೆನ್ನಿಗೆ ಬೆನ್ನು ಕೊಟ್ಟು, ಕಾವಲುಗಾರನ ದಾರಿಗೆ ಅಡ್ಡ ನಿಂತ.

"ಏನ್ಮಾಡ್ತಿದೀಯೋ?" ಎಂದಳು ಥರ್ಜಾ, ತಿರುಗದೆ.

"ನಿನ್ನ ಗಂಡ ನನ್ನನ್ನ ಗುರಿ ಅಂತಿದ್ದನಲ್ಲ. ಗುರಿ ಥರ ನಿಂತ್ಕೊಳ್ಳೋದು ನನಗೆ ಚೆನ್ನಾಗಿ ಬರುತ್ತೆ. ಬೇಗ, ಹುಡುಗಿ."

ಮುಚ್ಚಳ ಬಿಗಿಯಾಗಿತ್ತು, ಜೋರಿ ಮಾಡಿದ್ದು ಯಾವುದೂ ಸಲೀಸಾಗಿ ತೆರೆದುಕೊಳ್ಳುತ್ತಿರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದಳು. ಬಗ್ಗಿ, ಡಬ್ಬಿಯನ್ನು ನೀರಿನ ಮೇಲೆ ಬೋರಲು ಹಾಕಿದಳು.

ಬೂದಿ ಮುಳುಗಲಿಲ್ಲ. ಬೋಟು ಎಬ್ಬಿಸಿದ ಸಣ್ಣ ಅಲೆಯ ಮೇಲೆ ಬೂದುಬಣ್ಣದ ಕೆನೆಯಂತೆ ತೇಲಿಕೊಂಡು, ಅತ್ತಲೋ ಇತ್ತಲೋ ಎಂಬಂತೆ ಸುಳಿಯುತ್ತಿತ್ತು.

"ಒಂದು ಜೀವಮಾನ ಅದೊಂದೇ ಕೆಲಸ ಮಾಡಿದವನು" ಎಂದಳು ಥರ್ಜಾ. "ಈಗ ಅದೂ ಮರೆತುಹೋಯ್ತಾ? ಮುಳುಗೋ, ಮಾರಾಯ. ಅವಳು ಹೊರಟಳು."

ಬೂದಿ ಅಂಚಿನಿಂದ ಒದ್ದೆಯಾಗುತ್ತ ಬಂತು, ಕಪ್ಪಾಯಿತು, ಬೋಟಿನ ಹಿಂದೆ ಒಂದು ಮಾರು ದೂರ ಹೋಗಿ, ಸದ್ದಿಲ್ಲದೆ ಮುಳುಗಿತು.