ಗುಬ್ಬಿಯ ಚಿತ್ರ

"ಮೂಗು ಸ್ವಲ್ಪ ಚಿಕ್ಕದಾಗ್ಬೇಕಂತೆ, ಗದ್ದ ಒಂದೇ ಇರ್ಬೇಕಂತೆ. ಇಷ್ಟೆಲ್ಲ ಬೇಕಿದ್ರೆ ಆಯಮ್ಮ ತನ್ನ ಬದಲು ಬೇರೆ ಯಾರನ್ನಾದ್ರೂ ಕೂರಿಸಿ ಬರೆಸ್ಕೋಬಹುದಿತ್ತಲ್ಲ ಅತ್ತಿಗೆ," ಎಂದು ನಾದಿನಿ ಬಾಗಿಲಿಗೆ ಒರಗಿ ಹೇಳಿದಳು.

ಚಿತ್ರಕಾರನ ಹೆಂಡತಿ ತಲೆ ಎತ್ತದೆ ನಕ್ಕಳು. ಅವಳ ಮುಂದೆ ನೆಲದ ಮೇಲೆ ಹಳೆಯ ಕ್ಯಾನ್ವಾಸೊಂದು ಅಂಗಾತ ಬಿದ್ದಿತ್ತು. ಬೂದಿ ನೆನೆಸಿ ಸೋಸಿದ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ನಡುವಿಗಿಂತ ತುಸು ಮೇಲೆ ಹಾಸಿ, ಬಣ್ಣ ಮೆತ್ತಗಾಗಲಿ ಎಂದು ಕಾಯುತ್ತಿದ್ದಳು.

ವ್ಯಾಪಾರಿಯ ಹೆಂಡತಿ ತನ್ನ ಚಿತ್ರ ದೊಡ್ಡದಾಗಿಯೇ ಇರಬೇಕು ಎಂದಿದ್ದಳು. ಅಷ್ಟು ದೊಡ್ಡ ಹೊಸ ಕ್ಯಾನ್ವಾಸು ಮನೆಯಲ್ಲಿರಲಿಲ್ಲ. ಅಟ್ಟದ ಮೂಲೆಯಲ್ಲಿ ಕಂದು ಬಣ್ಣ ಬಳಿಸಿಕೊಂಡು ನಿಂತಿದ್ದ ಇದನ್ನು ಹೆಂಡತಿಯೇ ಇಳಿಸಿ ತಂದಳು. ಗಂಡನನ್ನು ಕೇಳುವ ಮಾತೇ ಇರಲಿಲ್ಲ. ಕೆಟ್ಟುಹೋದ ಚಿತ್ರಕ್ಕೆ ಕಂದು ಬಳಿದುಬಿಡುವುದು ಅವನ ರೂಢಿ, ಕಂದು ಬಿದ್ದದ್ದನ್ನು ಕೆರೆದು ಮತ್ತೆ ಹೊಸದು ಮಾಡಿಕೊಡುವುದು ಅವಳ ಕೆಲಸ. ಊರಿನವರು ಹೊಗಳುವ ಎಷ್ಟೋ ಚಿತ್ರಗಳ ಅಡಿಯಲ್ಲಿ ಅವಳ ರಟ್ಟೆಯ ನೋವಿದೆ ಎಂಬುದು ಊರಿಗೆ ಗೊತ್ತಿಲ್ಲ, ಗೊತ್ತಾಗಬೇಕೆಂದು ಅವಳಿಗೂ ಆಸೆಯಿಲ್ಲ.

ಮದುವೆಯಾದ ಹೊಸತರಲ್ಲಿ ಕೆರೆಯುವಾಗ ಅಡಿಯಿಂದ ಯಾರದೋ ಕಣ್ಣುಗಳು ಎದ್ದು ಅವಳನ್ನೇ ನೋಡುತ್ತಿದ್ದವು. ಕೈ ಓಡುತ್ತಿರಲಿಲ್ಲ. ಅದಕ್ಕೇ ಮೊದಲು ಮುಖ ಇರುವ ಜಾಗಕ್ಕೆ ಬಟ್ಟೆ ಹಾಸಿ, ಆಮೇಲೆ ಬೇರೆಲ್ಲೋ ನೋಡುತ್ತ ಅಲಗು ಆಡಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಮುಖ ಒಂದು ಹೋಯಿತೆಂದರೆ ಉಳಿದ ಕೆಲಸ ಪಾತ್ರೆ ತಿಕ್ಕಿದಷ್ಟೇ ಸಲೀಸು.

"ನಿಮ್ಮಣ್ಣ ಯಾರು ಕೇಳಿದ್ರೂ ಇಲ್ಲ ಅನ್ನಲ್ಲ ಬಿಡು," ಎಂದಳು ಅವಳು ಅಲಗು ಕೈಗೆತ್ತಿಕೊಂಡು. "ಊರೋರದೆಲ್ಲ ಬರೆದಾಯ್ತು, ಊರೋರ ನಾಯಿದೂ ಬರೆದಾಯ್ತು. ಹೆತ್ತ ಮಗುದು ಒಂದು ಬರೀಲಿಲ್ಲ."

ನಾದಿನಿ ನಗು ನುಂಗಿಕೊಂಡಳು. ಗುಬ್ಬಿ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಮಗು ಜ್ವರದಲ್ಲಿ ಹೋಗಿ ವರ್ಷಗಳೇ ಆಗಿದ್ದವು. ಈ ಮಾತನ್ನು ಅತ್ತಿಗೆ ನೆಂಟರ ಮುಂದೆಯೂ ಆಡುತ್ತಿದ್ದಳು, ಗಂಡನ ಮುಂದೆಯೂ ಆಡುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನದೆ ಬಣ್ಣ ಕಲಸುತ್ತ ಕೂರುತ್ತಿದ್ದ. ಆ ಮೌನ ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಹಾಲಿಟ್ಟಿದ್ದೆ ಒಲೆ ಮೇಲೆ," ಎಂದು ನಾದಿನಿ ಒಳಗೆ ಹೋದಳು.

ಹೆಂಡತಿ ಕಿಟಕಿಯಾಚೆ ನೋಡುತ್ತ ಕೆರೆದಳು. ಬಣ್ಣ ಅಂದುಕೊಂಡದ್ದಕ್ಕಿಂತ ಬೇಗ ಕಿತ್ತುಬಂತು. ಬಂದದ್ದನ್ನು ಬಟ್ಟೆಗೆ ಒರೆಸಿ, ಮತ್ತೆ ಕೆರೆದು, ಮತ್ತೆ ಒರೆಸಿದಳು. ನೂಲು ಕಂಡಮೇಲೆ ಕ್ಯಾನ್ವಾಸಿನ ಕೆಳಭಾಗಕ್ಕೆ ಬಂದಳು. ಅಲ್ಲಿ ಬೂದಿ ನೀರು ಬರೀ ಜಿನುಗಿತ್ತು. ಬಟ್ಟೆಯಿಂದ ಒರೆಸಿದ್ದಕ್ಕೇ ಕಂದು ತೆಳ್ಳಗೆ ಜಾರಿತು. ಅಡಿಯಲ್ಲಿ ಒಂದು ಪುಟ್ಟ ಮುಷ್ಟಿ ಇತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳೊಳಗೆ ಬಚ್ಚಿಟ್ಟುಕೊಂಡಿತ್ತು.

ಗುಬ್ಬಿ ಮಲಗುವಾಗಲೂ ಹೀಗೇ ಬಚ್ಚಿಟ್ಟುಕೊಳ್ಳುತ್ತಿದ್ದಳು. ಬಿಡಿಸಲು ಹೋದರೆ ಅಳುತ್ತಿದ್ದಳು.

ಮೊದಲು ಅವಳಿಗೆ ಸಂತೋಷವಾಯಿತು. ಬರೆದಿದ್ದಾನೆ, ನನ್ನ ಗಂಡ ಬರೆದಿದ್ದಾನೆ ಎಂದು ಜೀವ ಹಿಗ್ಗಿತು. ಆಮೇಲೆ ಕಣ್ಣು ಮೇಲಕ್ಕೆ ಹೋಯಿತು. ಮುಖ ಇರಬೇಕಾದಲ್ಲಿ ಒದ್ದೆ ನೂಲು ಮಾತ್ರ ಇತ್ತು. ಅವಳು ಬಟ್ಟೆಯ ಉಂಡೆ ಬಿಡಿಸಿ ನೋಡಿದಳು. ಕಂದು, ಕೆಂಪು, ಕಪ್ಪು ಎಲ್ಲ ಕಲಸಿಹೋಗಿತ್ತು.

ಅವಳು ಕೂಗಿಕೊಂಡಳೋ ಏನೋ, ಗಂಡ ಓಡಿಬಂದ. ಕ್ಯಾನ್ವಾಸು ನೋಡಿದವನು ಅವಳ ಪಕ್ಕ ನೆಲದ ಮೇಲೇ ಕುಸಿದ.

"ಯಾವಾಗ ಬರೆದ್ರಿ?"

"ನೀನು ತವರಿಗೆ ಹೋಗಿದ್ದಾಗ. ಮುಖ ಮಾಸಿಹೋಗೋಕೆ ಮುಂಚೆ ಬರೆದ್ಬಿಡೋಣ ಅಂತ."

"ನಂಗ್ಯಾಕ್ರೀ ತೋರಿಸ್ಲಿಲ್ಲ?"

"ಬಂದವಳೇ ಹೊಸ್ತಿಲಲ್ಲೇ ಹೇಳ್ದೆಯಲ್ಲ, ಅವಳ ಹೆಸರೆತ್ತಿದ್ರೆ ಈ ಮನೇಲಿರಲ್ಲ ಅಂತ. ಹೆದರಿಬಿಟ್ಟೆ. ತೆಳ್ಳಗೆ ಬಳಿದಿದ್ದೆ. ನೀನಾಗೇ ಕೇಳ್ದಾಗ ಮೇಲಿಂದಷ್ಟೇ ತೆಗೆಯೋಣ ಅಂದ್ಕೊಂಡಿದ್ದೆ."

"ಕೇಳ್ದೆನಲ್ಲ. ಎಷ್ಟು ಸಲ ಕೇಳ್ದೆ."

"ನೀನು ಬೈದೆ ಕಣೆ," ಎಂದ ಅವನು ಮೆಲ್ಲಗೆ. "ಕೇಳ್ಲಿಲ್ಲ."

ಅವಳು ಬಟ್ಟೆಯ ಉಂಡೆಯನ್ನು ಕೆಳಗಿಟ್ಟಳು. "ಮತ್ತೆ ಬರೀರಿ," ಎಂದಳು. "ಇದರ ಮೇಲೇ ಬರೀರಿ. ಕೈ ಹಾಗೇ ಇರ್ಲಿ."

ಅವನು ಬರೆಯಲು ಕೂತ. ಒಮ್ಮೆ ನೋಡಿದ ಮುಖವನ್ನು ಮರೆಯುವುದಿಲ್ಲ ಎಂದು ಹೆಸರಾದವನು ತನ್ನ ಮಗುವಿನ ಹಣೆಯ ಬಳಿಯೇ ತಡವರಿಸಿದ. "ಬರೆದಿಟ್ಟಿದ್ದೀನಲ್ಲ ಅನ್ನೋ ಧೈರ್ಯದಲ್ಲಿ ಮರೆತುಬಿಟ್ಟೆ," ಎಂದು ತನ್ನನ್ನೇ ಹಳಿದುಕೊಂಡ. ಅವಳು ಪಕ್ಕದಲ್ಲಿ ಕೂತು ಹೇಳುತ್ತಹೋದಳು: ಹಣೆ ಅಗಲ, ಕೆನ್ನೆ ಇಷ್ಟು ತುಂಬಿರಲಿಲ್ಲ, ನಕ್ಕರೆ ಒಂದು ಕಣ್ಣು ಮೊದಲು ಮುಚ್ಚುತ್ತಿತ್ತು. ಅವನು ಬರೆದ, ಅವಳು ಅಲ್ಲ ಎಂದಳು. ಒರೆಸಿ ಮತ್ತೆ ಬರೆದ, ಅವಳು ಮತ್ತೆ ಅಲ್ಲ ಎಂದಳು. ವ್ಯಾಪಾರಿಯ ಹೆಂಡತಿ ಕಾದು ಕಾದು ತನ್ನ ಗದ್ದವನ್ನು ಇನ್ನೊಬ್ಬ ಚಿತ್ರಕಾರನ ಹತ್ತಿರ ಒಯ್ದಳು. ನಾದಿನಿ ಊಟ ತಂದಿಡುವಳು, ಆರಿದ ಮೇಲೆ ಎತ್ತಿಕೊಂಡು ಹೋಗುವಳು.

ಒಂದು ಮಧ್ಯಾಹ್ನ ಅವನು ಕುಂಚ ಎತ್ತಿ ಹಿಡಿದು ಕೇಳಿದ. "ಹುಬ್ಬು ಕೂಡಿತ್ತಾ, ಬಿಡಿಯಾಗಿತ್ತಾ?"

ಹೇಳಲು ಬಾಯಿ ತೆರೆದಳು. ಗುಬ್ಬಿಯ ದನಿ ಬಂತು, ಹೆಗಲ ಮೇಲೆ ನಿದ್ದೆಹೋದ ಮೈಯ ಬಿಸಿ ಬಂತು. ಹುಬ್ಬು ಬರಲಿಲ್ಲ. ಹುಬ್ಬನ್ನು ಹುಡುಕಹೋದರೆ ಕಣ್ಣೂ ಕರಗಿತು. ಇಷ್ಟು ದಿನ ಅಲ್ಲ, ಅಲ್ಲ ಎಂದದ್ದು ಯಾವ ಮುಖ ನೋಡಿಕೊಂಡು ಎಂದು ಅವಳಿಗೇ ತಿಳಿಯಲಿಲ್ಲ.

"ಬಿಡಿಯಾಗಿತ್ತು," ಎಂದಳು.

ಅವನು ಎರಡು ಗೆರೆ ಎಳೆದು ಹಿಂದೆ ಸರಿದ. ಅವನ ಕಣ್ಣು ಕೆಂಪಾಗಿತ್ತು, ಗಡ್ಡದಲ್ಲಿ ಬಣ್ಣ ಹತ್ತಿತ್ತು. "ಈಗ ಬಂದಳಾ?" ಎಂದು ಕೇಳಿದ. ಅಷ್ಟು ದೊಡ್ಡ ಚಿತ್ರಕಾರ ಯಾರ ಮುಂದೆಯೂ ಹಾಗೆ ಕೇಳಿದವನಲ್ಲ.

ಕ್ಯಾನ್ವಾಸಿನ ಮೇಲೆ ಮುದ್ದಾದ ಹುಡುಗಿಯೊಬ್ಬಳಿದ್ದಳು. ಯಾರ ಮನೆಯವಳೋ.

"ಹೂಂ," ಎಂದಳು ಅವಳು. "ಇವಳೇ."

ಅವನು ಕುಂಚ ಕೆಳಗಿಟ್ಟು ಅವಳ ಮಡಿಲಲ್ಲಿ ಮುಖ ಹುದುಗಿಸಿ ಅತ್ತ. ಮಗು ಹೋದ ದಿನವೂ ಅವನು ಹೀಗೆ ಅತ್ತಿರಲಿಲ್ಲ. ಅವಳು ಅವನ ಬೆನ್ನು ಸವರುತ್ತ ಕೂತಳು. ಅಳುವ ಹಕ್ಕನ್ನೂ ಅವನಿಗೇ ಬಿಟ್ಟುಕೊಟ್ಟಂತೆ ಅವಳ ಕಣ್ಣು ಒಣಗಿತ್ತು.

ಈಗ ಆ ಚಿತ್ರ ಹೊರಗಿನ ಕೋಣೆಯಲ್ಲಿದೆ. ದೂರದಿಂದ ಬಂದವರು ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ. ಅವನ ಚಿತ್ರಗಳಲ್ಲೆಲ್ಲ ಇದೇ ಶ್ರೇಷ್ಠ ಎನ್ನುತ್ತಾರೆ.

"ಕಣ್ಣು ತಾಯಿದೇ ಬಂದಿದೆಯಲ್ಲಮ್ಮ," ಎಂದರೆ, "ಎಲ್ಲರೂ ಹಾಗೇ ಅಂತಾರೆ," ಎಂದು ಅವಳು ಕುಡಿಯಲು ನೀರು ತರಲು ಒಳಗೆ ಹೋಗುತ್ತಾಳೆ.

ಗಂಡ ಹೊರಗೆ ಹೋಗಿ, ನಾದಿನಿ ಹಿತ್ತಲಲ್ಲಿದ್ದಾಗ ಅವಳು ಒಬ್ಬಳೇ ಚಿತ್ರದ ಮುಂದೆ ನಿಲ್ಲುತ್ತಾಳೆ. ಅಂಗೈಯನ್ನು ಬಣ್ಣಕ್ಕೆ ತಾಗದ ಹಾಗೆ ಎತ್ತಿ, ಆ ಹುಡುಗಿಯ ಮುಖವನ್ನು ಪೂರಾ ಮರೆಮಾಡುತ್ತಾಳೆ. ಆಮೇಲೆ ಕೆಳಗಿರುವ ಮುಷ್ಟಿಯನ್ನು, ತೋಳು ಸೋಲುವವರೆಗೆ ನೋಡುತ್ತಾಳೆ.