ಲೋಟದೊಳಗಿನ ಹಲ್ಲು

"ಬಾಯಿ ತೆಗೆಸು, ನಾನೇ ಕೂರಿಸ್ತೀನಿ," ಎನ್ನುತ್ತ ಅಣ್ಣ ಅಂಗಿಯ ತೋಳು ಮಡಚಿದ. ತಾಯಿಯ ಹೆಣ ನಡುಮನೆಯ ಮಂಚದ ಮೇಲಿತ್ತು. ತಂಗಿ ಹಲ್ಲಿನ ಸೆಟ್ಟಿದ್ದ ಲೋಟವನ್ನು ಎದೆಗವಚಿಕೊಂಡು ಅಡ್ಡ ನಿಂತಳು.

"ಬೇಡ. ಅಮ್ಮನೇ ಬೇಡ ಅಂದಿದ್ಳು."

"ಬೊಚ್ಚುಬಾಯೀಲಿ ಫೋಟೋ ತೆಗೆಸೋಕಾಗುತ್ತಾ? ನೋಡಿದೋರು ಏನಂತಾರೆ?"

ನೋಡಿದವರು ಏನನ್ನುತ್ತಾರೆ ಎಂಬುದೊಂದೇ ಅರವತ್ತು ದಾಟಿದ ಈ ಅಣ್ಣನ ಚಿಂತೆ. ಪೇಟೆಯ ಮೂಲೆಯಲ್ಲಿ ಅವನದು ಬೀಗ ರಿಪೇರಿ ಅಂಗಡಿ. ಎಂಥ ಬೀಗಕ್ಕೂ ಕೀ ಕೂರಿಸುತ್ತಾನೆ, ಎರಡು ಮಾತಿಲ್ಲ. ಆ ಒಂದು ವಿದ್ಯೆ ತಲೆಗೇರಿ, ಲೋಕದಲ್ಲಿರುವುದೆಲ್ಲ ಬೀಗವೇ ಎಂದು ತಿಳಿದ ಮಹಾನುಭಾವ.

"ಎಂಥಾ ಮಗ! ಹಲ್ಲು ಕೂಡ ಕಟ್ಟಿಸ್ಕೊಟ್ಟ," ಎಂದು ಸೋದರತ್ತೆ ಮೂಗೊರೆಸಿಕೊಂಡಳು. ತಂಗಿಗೆ ಮೈಯೆಲ್ಲ ಉರಿಯಿತು.

*

ತಾಯಿ ಬಟ್ಟೆ ಹೊಲಿಯುತ್ತಿದ್ದವಳು. ಪಕ್ಕದಲ್ಲೇ ಕತ್ತರಿಯಿದ್ದರೂ ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ವಯಸ್ಸಾದಂತೆ ಸಕ್ಕರೆ ಕಾಯಿಲೆ ಬಂತು, ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬಂತು.

"ಉಜ್ಜಿದ್ರೆ ತಾನೆ ರಕ್ತ? ಉಜ್ಜೋದೇ ಬಿಡು," ಎಂದ ಅಣ್ಣ.

ಮಗ ಹೇಳಿದನಲ್ಲ, ತಾಯಿ ಬಿಟ್ಟೇಬಿಟ್ಟಳು. ಒಸಡು ಊದಿತು, ಕೀವಾಯಿತು, ಹಲ್ಲು ಅಲ್ಲಾಡಿ ಒಂದೊಂದೇ ಬಿದ್ದವು. ಡಾಕ್ಟರಿಗೆ ತೋರಿಸೋಣ ಎಂದು ತಂಗಿ ಬಾಯಿ ಬಡಿದುಕೊಂಡಳು. "ವಯಸ್ಸಾದ್ಮೇಲೆ ಎಲ್ರಿಗೂ ಬೀಳ್ತವೆ," ಎಂದು ಈ ಬೀಗದ ಪಂಡಿತ ತೀರ್ಪು ಕೊಟ್ಟ.

ಕೊನೆಗೆ ಸೆಟ್ಟು ಬಂತು. ನೋವಾದರೆ ತನ್ನಿ, ಸರಿಮಾಡಿಕೊಡುತ್ತೇನೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತಾಯಿ ಒತ್ತುತ್ತದೆ ಎಂದಾಗ ಅಣ್ಣ ನಕ್ಕ. "ಇಷ್ಟಕ್ಕೆ ಡಾಕ್ಟರ್ ಯಾಕೆ? ನಾನಿಲ್ವಾ?" ಅಂಗಡಿಗೆ ಒಯ್ದು, ಕೀ ಉಜ್ಜುವ ಅರದಿಂದಲೇ ಅದನ್ನು ಉಜ್ಜಿದ. ಬಂದ ಗಿರಾಕಿಗಳಿಗೆಲ್ಲ ತೋರಿಸಿ ಕೊಚ್ಚಿಕೊಂಡ.

ಅಂದಿನಿಂದ ತಾಯಿ ಅವನು ಬಂದಾಗ ಮಾತ್ರ ಸೆಟ್ಟು ಹಾಕಿಕೊಂಡು ನಗುತ್ತಿದ್ದಳು. ಅವನು ಮೆಟ್ಟಿಲಿಳಿದ ಕೂಡಲೇ ಕಿತ್ತು ಲೋಟಕ್ಕೆ ಹಾಕಿ, ರಕ್ತ ಉಗಿದು, ಹಾಲಲ್ಲಿ ನೆನೆಸಿದ ಬ್ರೆಡ್ಡು ತಿನ್ನಲು ಕೂರುತ್ತಿದ್ದಳು.

"ಸತ್ಮೇಲಾದ್ರೂ ಇದನ್ನ ನನ್ನ ಬಾಯಿಗೆ ತುರುಕೋಕೆ ಬಿಡ್ಬೇಡ," ಎಂದಿದ್ದಳು ಮಗಳಿಗೆ. "ಅವನಿಗೆ ಮಾತ್ರ ಈಗ್ಲೇ ಹೇಳ್ಬೇಡ. ಬೇಜಾರ್ ಮಾಡ್ಕೋತಾನೆ."

ಮಗಳು ಮಾತು ಕೊಟ್ಟಿದ್ದಳು.

*

"ಕೊಡು ಇಲ್ಲಿ," ಎಂದು ಅಣ್ಣ ಜೇಬಿನಿಂದ ಅರ ತೆಗೆದ. "ಕೂರ್ದಿದ್ರೆ ಇನ್ನೊಂಚೂರು ಉಜ್ಜಿದ್ರಾಯ್ತು."

ಹೆಣದ ಮುಂದೆ ಅರ ಹಿಡಿದು ನಿಂತವನನ್ನು ಕಂಡು ತಂಗಿಗೆ ಹೇಸಿಗೆಯಾಯಿತು. ಲೋಟವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತಾಯಿಯ ಕೆಳತುಟಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದಳು.

"ನೋಡು, ನಿನ್ನ ಕೈಕೆಲಸ."

ಉಜ್ಜಿದ ಅಂಚು ಕೂತಲ್ಲೆಲ್ಲ ಒಸಡು ಸೀಳಿ ಹುಣ್ಣಾಗಿತ್ತು. ಅಣ್ಣ ಮುಖ ಸಿಂಡರಿಸಿದ.

"ಮುಚ್ಚು, ಮುಚ್ಚು. ಜನ ನೋಡ್ತಾರೆ."

ಅರವನ್ನು ಮಂಚದ ಅಂಚಿನಲ್ಲೇ ಬಿಟ್ಟು ಹಿಂದೆ ಸರಿದ. ಫೋಟೋ ತೆಗೆಸದೆಯೇ ತಾಯಿಯನ್ನು ಮಣ್ಣಿಗೆ ಕೊಟ್ಟು ಬಂದರು.

ಮನೆಯಲ್ಲಿ ನೆರೆಯವರು ಚಹಾ, ಬ್ರೆಡ್ಡು ತಂದಿಟ್ಟಿದ್ದರು. ಅಷ್ಟರಲ್ಲಿ ಅಣ್ಣ ಚೇತರಿಸಿಕೊಂಡಿದ್ದ. "ಆ ಸೆಟ್ಟು ಹಾಕ್ಕೊಂಡು ಅಮ್ಮ ನಗೋದನ್ನ ನೋಡ್ಬೇಕಿತ್ತು ನೀವು. ನಾನೇ ಸರಿಮಾಡಿದ್ದು," ಎಂದು ನೆರೆಯವರಿಗೆ ಹೇಳುತ್ತ ಬ್ರೆಡ್ಡು ಕಚ್ಚಿದ.

ಕಚ್ಚಿದ ಅಂಚಿನಲ್ಲಿ ರಕ್ತವಿತ್ತು. ಅವನು ಅದನ್ನು ನೋಡಿದ, ಸುತ್ತಲೂ ಕಣ್ಣಾಡಿಸಿದ, ಬ್ರೆಡ್ಡು ತಿರುಗಿಸಿ ಇನ್ನೊಂದು ಕಡೆಯಿಂದ ತಿನ್ನತೊಡಗಿದ.

ಅದನ್ನು ಕಂಡ ತಂಗಿ ಎದ್ದು ಒಳಗಿನಿಂದ ಹಲ್ಲಿನ ಲೋಟ ತಂದಳು. ಅದನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟು, ಅವನು ಮಂಚದ ಮೇಲೆ ಬಿಟ್ಟಿದ್ದ ಅರವನ್ನೂ ಅದರ ಜೊತೆಗಿಟ್ಟು, ಚಹಾ ಬಗ್ಗಿಸಲು ಹೋದಳು.